ಕಸ್ತೂರಿಬಾಯಿಯ ಕುದುರೆಲಾಯಕ್ಕೆ ದೌಲತರಾಯ ಕೈಹಾಕಿದ್ದು

"ಇದರಾಗೇನದ! ಕುದರಿ ಮೈ ತಿಕ್ಕೂದು ಒಂದು ವಿದ್ಯಾ ಏನು? ನಡ್ಯಾಕ ಬಂದಾಗಿಂದ ಎತ್ತು ತೊಳದವ ನಾನು!"

ಆಳಂದದಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ವ್ಯಾಪಾರಿ ದೌಲತರಾಯ ತನ್ನ ಮನೆಯ ಪಡಸಾಲೆಯಲ್ಲಿ ನಿಂತು, ಬನಿಯನ್ನಿನೊಳಗಿನ ಎದೆಯನ್ನು ಸಾಧ್ಯವಾದಷ್ಟು ಉಬ್ಬಿಸಿ ಹೀಗೆ ಘೋಷಿಸಿದಾಗ, ಕೇಳಲು ಅಲ್ಲಿದ್ದವರು ಇಬ್ಬರೇ. ಒಬ್ಬಳು ಅವನ ತಾಯಿ ಗುರಮ್ಮ. ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಇನ್ನೊಂದು, ಮೇಜಿನ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಗೇಣುದ್ದದ ರಬ್ಬರಿನ ಕುದುರೆ. ಇಬ್ಬರೂ ಉತ್ತರ ಕೊಡಲಿಲ್ಲ. ಕುದುರೆಗೆ ಬಾಯಿ ಬರುತ್ತಿರಲಿಲ್ಲ. ಗುರಮ್ಮನ ಬಾಯಿ ತುಂಬಿತ್ತು.

ದೌಲತರಾಯ ಆ ಮೌನವನ್ನು ಒಪ್ಪಿಗೆಯೆಂದು ತಿಳಿದುಕೊಂಡ!

ತೊಗರಿ ಸೀಸನ್ ಮುಗಿದ ಬೇಸಿಗೆ ಅದು. ಅಡತಿ ಅಂಗಡಿಯಲ್ಲಿ ತಕ್ಕಡಿಯ ಮೇಲೆ ಗುಬ್ಬಿ ಕೂತು ತಾನೇ ತೂಗಿಕೊಂಡು ಹೋಗುವಷ್ಟು ಬಿಡುವು. ದೌಲತರಾಯನಂಥ ಚುರುಕು ಮನುಷ್ಯನಿಗೆ ಬಿಡುವು ಸಿಕ್ಕರೆ ಮನೆಯ ಸಾಮಾನುಗಳು ನಡುಗುತ್ತಿದ್ದವು. ಹಿಂದಿನ ಬೇಸಿಗೆಯಲ್ಲಿ ಟೇಪ್ ರಿಕಾರ್ಡರ್ ಬಿಚ್ಚಿ ಮತ್ತೆ ಜೋಡಿಸಿದ್ದ. ಅಂದಿನಿಂದ ಅದರೊಳಗೆ ಯಾರು ಹಾಡಿದರೂ ಎಮ್ಮೆಕರು ಕೂಗಿದಂತೆ ಕೇಳಿಸುತ್ತಿತ್ತು. ಆದರೆ ಈ ಸಲದ ಹುಮ್ಮಸ್ಸಿಗೆ ಬಿಡುವಷ್ಟೇ ಕಾರಣವಲ್ಲ. ಒಳಗೊಂದು ಹೊಟ್ಟೆಕಿಚ್ಚೂ ಇತ್ತು. ಅದಕ್ಕೆ ಕಾರಣ ಅವನ ಹೆಂಡತಿ ಕಸ್ತೂರಿಬಾಯಿಯ ಕುದುರೆಲಾಯ.

ಆಗೆಲ್ಲ ಒಂದಿಷ್ಟು ಅನುಕೂಲಸ್ಥರ ಮನೆಯೆಂದರೆ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಶೋಕೇಸ್ ಇರಲೇಬೇಕು. ಉಳಿದವರ ಶೋಕೇಸಿನಲ್ಲಿ ಯಾರೂ ಎಂದೂ ಚಹಾ ಕುಡಿಯದ ಪಿಂಗಾಣಿ ಕಪ್ಪು, ಪ್ಲಾಸ್ಟಿಕ್ ದ್ರಾಕ್ಷಿಗೊಂಚಲು, ಒಳಗೆ ಬಲ್ಬು ಉರಿಯುವ ತಾಜಮಹಲು ಇರುತ್ತಿದ್ದವು. ಕಸ್ತೂರಿಬಾಯಿಯ ಶೋಕೇಸಿನಲ್ಲಿ ಕುದುರೆಗಳಿದ್ದವು. ನೀಲಿ ಕುದುರೆ, ಹಳದಿ ಕುದುರೆ, ಹಸಿರು ಕುದುರೆ! ನೆಲ ಮುಟ್ಟುವ ನುಣುಪು ಬಾಲ, ಮದುಮಗಳಂಥ ದೊಡ್ಡ ಕಣ್ಣು, ಒಂದೊಂದರ ಪಿರ್ರೆಯ ಮೇಲೂ ಒಂದೊಂದು ಚಿತ್ರ. ಒಂದಕ್ಕೆ ಛತ್ರಿ, ಒಂದಕ್ಕೆ ಸೇಬುಹಣ್ಣು, ಒಂದಕ್ಕೆ ಚಿಕ್ಕೆ. ಮೊದಲ ಸಲ ನೋಡಿದಾಗ ಗುರಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು. "ಅಯ್ಯ ಶಿವನ, ಎಲ್ಲಾ ಬಿಟ್ಟು ಕುಂಡಿ ಮ್ಯಾಲ ಹಚ್ಚಿ ಹಾಕಿಸ್ಕೊಂಡಾವಲ್ಲೇ!"

ಇದು ಶುರುವಾದದ್ದು ಪಕ್ಕದ ಮನೆಯ ಗೌಸಿಯಾಬೇಗಂಳಿಂದ. ಅವಳ ಗಂಡ ಅರಬರ ದೇಶದಲ್ಲಿ ದುಡಿಯುತ್ತಿದ್ದ. ಅವನು ಕಳಿಸಿದ ಪೆಟ್ಟಿಗೆಯಲ್ಲಿ ಅಲ್ಲಿನ ಮಕ್ಕಳು ಆಡಿ ಬಿಟ್ಟ ಆಟಿಕೆಗಳೂ ಇರುತ್ತಿದ್ದವು. ಒಂದು ಸಲ ಅದರಲ್ಲೊಂದು ಕುದುರೆ ಬಂತು. ಕಾಲನ್ನು ಯಾವುದೋ ಮಗು ಕಡಿದಿತ್ತು, ಕೂದಲು ತೆಂಗಿನ ನಾರಾಗಿತ್ತು. ಗೌಸಿಯಾ ತಿಪ್ಪೆಗೆ ಎಸೆಯಲು ಹೊರಟದ್ದನ್ನು ಕಸ್ತೂರಿಬಾಯಿ ತಡೆದು ಇಸಿದುಕೊಂಡಳು. ಒಂದು ವಾರದ ನಂತರ ಅದೇ ಕುದುರೆಯನ್ನು ನೋಡಿದ ಗೌಸಿಯಾ, "ಅಕ್ಕಾ, ಇದು ಅದೇ ಹೌದೇನ್ರಿ? ದುಕಾನದಾಗಿಂದು ತಂದು ಇಟ್ಟೀರೇನು?" ಎಂದು ತಿರುವಿ ತಿರುವಿ ನೋಡಿದಳು.

ಅಲ್ಲಿಂದ ಸೋಲಾಪುರದ ಹಳೆ ಸಾಮಾನಿನ ಸಂತೆಯಿಂದ, ಹೈದರಾಬಾದಿನ ಜುಮೇರಾತ್ ಬಜಾರಿನಿಂದ, ಯಾರ್ಯಾರ ಚೀಲದಲ್ಲೋ ಕೂತು, ಕಾಲು ಮುರಿದ, ಬಾಲ ಉದುರಿದ ಕುದುರೆಗಳು ಆಳಂದದ ದಾರಿ ಹಿಡಿದವು. ಹೊರದೇಶದಲ್ಲಿ ದೊಡ್ಡವರು ಕೂಡ ಇವನ್ನು ಹುಡುಕಿ ಹುಡುಕಿ ಕೂಡಿಸುತ್ತಾರಂತೆ ಎಂದು ಗೌಸಿಯಾಳ ಗಂಡ ಹೇಳಿದ ಮೇಲಂತೂ ಕಸ್ತೂರಿಬಾಯಿ ಕುದುರೆ ಕೈಗೆ ಬಂದೊಡನೆ ಅದರ ಗೊರಸು ತಿರುವಿ, ಅಡಿಯ ಸಣ್ಣ ಅಕ್ಷರ ನೋಡಿ, ಜಾತಕ ನೋಡಿದವಳಂತೆ "ಇದು ಹಳೇ ಕಾಲದ್ದು" ಎನ್ನತೊಡಗಿದಳು. ಆಮೇಲೆ ಅಂಟುವಾಳದ ನೊರೆ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶು. ಕೂದಲನ್ನು ತುದಿಯಿಂದ ಮೇಲಕ್ಕೆ ಎಳೆ ಎಳೆಯಾಗಿ ಬಿಡಿಸುವುದು. ಬಿಡಿಸಿದ್ದನ್ನು ಕಸಬರಿಗೆ ಕಡ್ಡಿಗೆ ಸುತ್ತಿ ಗುಂಗುರು ಕೂರಿಸುವುದು. ಕೂದಲು ಹೋದ ಕಡೆ, ತಲೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಹಿಡಿದು ಮೆತ್ತಗೆ ಮಾಡಿ ಬಿಚ್ಚಿ, ಒಳಗಿನಿಂದ ಡಬ್ಬಣದಲ್ಲಿ ನೈಲಾನ್ ದಾರ ಪೋಣಿಸುವುದು. ಸೊಸೆ ಗಂಟೆಗಟ್ಟಲೆ ಬಾಚುವುದನ್ನು ನೋಡಿ ಗುರಮ್ಮ ನಿಟ್ಟುಸಿರು ಬಿಡುತ್ತಿದ್ದಳು. "ನನ್ನ ತಲಿ ಒಮ್ಮಿ ಹಿಂಗ ಬಾಚಿದ್ರ ಇನ್ನೂ ಹತ್ತು ವರ್ಷ ಬದುಕತೇನಿ ನೋಡು."

ಇಷ್ಟಾದರೆ ದೌಲತರಾಯ ಸಹಿಸಿಕೊಳ್ಳುತ್ತಿದ್ದ. ಆದರೆ ಮೊನ್ನೆ ಅಫಜಲಪುರದಿಂದ ಬಂದ ಒಬ್ಬ ದೊಡ್ಡ ವ್ಯಾಪಾರಿ ಅಂಗಡಿಗೆ ಕಾಲಿಟ್ಟವನೇ ಕೈಮುಗಿದು, "ಕುದರಿ ಕಸ್ತೂರಿಬಾಯಾರ ಮನಿಯವರು ನೀವೇ ಅಲ್ರಿ?" ಎಂದುಬಿಟ್ಟ! ತಾತನ ಕಾಲದ ಅಡತಿ, ಊರೆಲ್ಲ ಗುರುತಿಸುವ ಮೀಸೆ, ಎಲ್ಲ ಹೋಗಿ ಉಳಿದದ್ದು ಇಷ್ಟು. ಅಂದು ರಾತ್ರಿ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಒಂದು ಕುದುರೆಯನ್ನಾದರೂ ತನ್ನ ಕೈಯಾರೆ ಹೊಳೆಸಿ ನಿಲ್ಲಿಸದಿದ್ದರೆ ತಾನು ದೌಲತರಾಯನೇ ಅಲ್ಲ ಎಂದು ಅವನು ಅನ್ನದ ಮುಂದೆ ಪ್ರತಿಜ್ಞೆ ಮಾಡಿದ.

ಆದರೆ ಮೇಜಿನ ಮೇಲೆ ನಿಂತಿದ್ದ ಕುದುರೆ ಅಂತಿಂಥದ್ದಲ್ಲ.

ಗೌಸಿಯಾಳ ತಂಗಿಯ ಸಂಸಾರ ಕುವೈತಿನಲ್ಲಿತ್ತು. ಯುದ್ಧ ಬಂದಾಗ ಕಟ್ಟಿದ ಮನೆ ಕಟ್ಟಿದ ಹಾಗೆ ಬಿಟ್ಟು, ಮರುಭೂಮಿ ದಾಟಿ, ಡೇರೆಗಳಲ್ಲಿ ದಿನ ದೂಡಿ, ವಿಮಾನ ಹತ್ತಿ ಮುಂಬೈಗೆ, ಅಲ್ಲಿಂದ ಆಳಂದಕ್ಕೆ ಬಂದಿದ್ದರು. ತಂಗಿಯ ಮಗಳು ಕರೀಮುನ್ನಿಸಾ, ಎಲ್ಲರ ಬಾಯಲ್ಲಿ ಮುನ್ನಿ, ಎರಡನೇ ಇಯತ್ತೆಯ ಹುಡುಗಿ, ಅಷ್ಟೂ ದಾರಿ ಕಂಕುಳಲ್ಲಿ ಇಟ್ಟುಕೊಂಡು ತಂದದ್ದು ಇದನ್ನು. ಅಲ್ಲಿನ ಹಳೆ ಸಾಮಾನಿನ ಬಜಾರಿನಲ್ಲಿ ಅವಳ ಅಪ್ಪ ಕೊಡಿಸಿದ ಬಿಳಿ ಕುದುರೆ. ಗುಲಾಬಿ ಕೂದಲು. ಪಿರ್ರೆಯ ಮೇಲೆ ಎರಡು ರೆಕ್ಕೆ ಬಿಚ್ಚಿದ ಪಾತರಗಿತ್ತಿ. ದಾರಿಯ ಧೂಳು, ಎಣ್ಣೆ, ಹೊಟ್ಟೆಯ ಮೇಲೊಂದು ಡಾಂಬರಿನ ಕಲೆ, ಎಲ್ಲ ಮೆತ್ತಿಕೊಂಡು ಬೂದಿ ಬಣ್ಣಕ್ಕೆ ಬಂದಿತ್ತು. "ಅಕ್ಕಾ, ರಂಜಾನ ಹಬ್ಬಕ್ಕ ಇದಕ್ಕ ಹೊಸಾದು ಮಾಡಿ ಕೊಡ್ರಿ. ಹುಡುಗಿಗಿ ಹೊಸ ಬಟ್ಟಿದು ಫಿಕರ್ ಇಲ್ಲ, ಇದರದೇ ಧ್ಯಾನ" ಎಂದು ಗೌಸಿಯಾ ತಂದುಕೊಟ್ಟಾಗ ಕಸ್ತೂರಿಬಾಯಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಮುನ್ನಿ ದಿನಾಲೂ ಕಾಂಪೌಂಡಿನ ಗೋಡೆ ಹತ್ತಿ, "ಮಾಮೀ, ನನ್ನ ಘೋಡಾ ಏನ್ ಮಾಡಾಕತ್ತದ?" ಎಂದು ವಿಚಾರಿಸುತ್ತಿದ್ದಳು. "ನಿದ್ದಿ ಮಾಡಾಕತ್ತದ", "ತಲಿ ಬಾಚಿಸ್ಕೊಳ್ಳಾಕತ್ತದ" ಎಂದು ಇಲ್ಲಿಂದ ವರದಿ ಹೋಗುತ್ತಿತ್ತು.

ಕೆಲಸ ಮುಗಿದಂತೆಯೇ ಇತ್ತು. ಗುಂಗುರು ಕೂರುವುದು, ಡಾಂಬರಿನ ಕಲೆ ತೆಗೆಯುವುದು, ಎರಡೇ ಬಾಕಿ. ಅಷ್ಟರಲ್ಲಿ ಕಸ್ತೂರಿಬಾಯಿ ಜೇವರ್ಗಿಯಲ್ಲಿ ತಂಗಿಯ ಮಗುವಿನ ತೊಟ್ಟಿಲಿಗೆ ಹೋಗಲೇಬೇಕಾಯಿತು.

"ರೀ, ನಾಳೆ ಸಂಜಿಗಿ ಬರ್ತೇನಿ. ಆ ಕುದರಿ ಮುಟ್ಟಬ್ಯಾಡ್ರಿ."

"ನಾ ಯಾಕ ಮುಟ್ಲಿ?"

"ನೋಡಲೂ ಬ್ಯಾಡ್ರಿ."

"ನೋಡಿದ್ರ ಸವೀತದೇನು?"

"ನೀವು ನೋಡಿದ್ರ ಮುಟ್ತೀರಿ, ಮುಟ್ಟಿದ್ರ ಬಿಚ್ತೀರಿ. ಬಿಚ್ಚಿದ ಮ್ಯಾಲ ಹೊಂದಸಾಕ ನಾನೇ ಬರಬೇಕಾಗ್ತದ."

ಇದಿಷ್ಟು ನಿನ್ನೆಯ ಮಾತು. ಇಂದು ಮುಂಜಾನೆ ದೌಲತರಾಯ ನೋಡಿದ. ನೋಡಿದ ಮೇಲೆ ಮುಟ್ಟಿದ!

ಒದ್ದೆ ಬಟ್ಟೆ ಬಿಚ್ಚಿದರೆ ಹೊಟ್ಟೆಯ ಮೇಲೆ ಆ ಕಪ್ಪು ಕಲೆ. ಟ್ರ್ಯಾಕ್ಟರಿನ ಡಾಂಬರು ತೆಗೆದವನಿಗೆ ಇದೆಷ್ಟರದು? ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದ. ಕಲೆ ಮಾಯ! "ನೋಡು ಯವ್ವಾ, ನಿನ್ನ ಸೊಸಿ ಎಂಟು ದಿನದಿಂದ ಇದನ್ನೇ ನೋಡಕೋತ ಕೂತಾಳ!" ಎಂದು ಅಟ್ಟಹಾಸ ಮಾಡಿ, ಗೆದ್ದ ಹುರುಪಿನಲ್ಲಿ ಹೊಟ್ಟೆಯಿಂದ ಬೆನ್ನಿಗೆ, ಬೆನ್ನಿನಿಂದ ಹಿಂದಕ್ಕೆ ಚಿಂದಿ ಓಡಿಸಿದ. ಆಮೇಲೆ ಚಿಂದಿ ನೋಡಿದ. ಚಿಂದಿಯ ಮೇಲೆ ಅಂದವಾದ ಒಂದು ರೆಕ್ಕೆ ಮೂಡಿತ್ತು. ಕುದುರೆಯ ಪಿರ್ರೆಯ ಮೇಲೆ ಪಾತರಗಿತ್ತಿಗೆ ಒಂದೇ ರೆಕ್ಕೆ ಉಳಿದಿತ್ತು.

"ಏನೋ ನಾತ ಬರಾಕತ್ತದಲ್ಲೋ ದೌಲತ್ಯಾ? ಸ್ಟೋ ಸೋರ್ತದೇನು?"

"ಏನಿಲ್ಲ ಬಿಡಬೇ, ಕುದರಿದು!"

"ಕುದರಿ ಚಿಮಣಿ ಎಣ್ಣಿ ಕುಡೀತದೇನೋ?"

ಸರಿ, ರೆಕ್ಕೆಯ ವಿಷಯ ಆಮೇಲೆ. ಮೊದಲು ವಾಸನೆ ಹೋಗಬೇಕು. ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ಕಸ್ತೂರಿಬಾಯಿ ಕುದುರೆಗಳಿಗೆ ಬಿಸಿನೀರು ಬಳಸುವುದನ್ನು ಅವನು ಕಂಡಿದ್ದ. ಎಷ್ಟು ಬಿಸಿ ಎಂಬುದನ್ನು ಮಾತ್ರ ಕಂಡಿರಲಿಲ್ಲ. ಒಂದು ಹಿಡಿ ಸಾಬೂನು ಪುಡಿ ಹಾಕಿ, ಕುದುರೆಯನ್ನು ಹಂಡೆಯೊಳಗೆ ಇಳಿಬಿಟ್ಟು, ಸಮಾಧಾನವಾಗಿ ಹೋಗಿ ಚಹಾ ಕುಡಿದು ಬಂದ. ಬಂದು, ಗುಲಾಬಿ ಕೂದಲು ಹಿಡಿದು ಮೇಲಕ್ಕೆತ್ತಿದ.

"ಯವ್ವಾ!"

"ಏನಾತೋ?"

"ತಲಿ ಬಂತು!"

"ಯಾರ್ದು?"

"ಕುದರಿದು!"

"ಮತ್ತ ಮೈ?"

"ಹಂಡೇದಾಗದ!"

ಗುರಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ಜಳಕಾ ಮಾಡ್ಸು ಅಂದ್ರ ರುಂಡಾ ಹಾರ್ಸಿದೇನೋ! ಯಪ್ಪಾ, ನಾ ಈ ಪಾಪದಾಗ ಇಲ್ಲ!"

ಇಕ್ಕಳದಿಂದ ಮುಂಡ ಎತ್ತಿ ಬಗ್ಗಿಸಿದರೆ ಒಳಗೆ ಬಾಲ ಹಿಡಿದಿದ್ದ ಕಬ್ಬಿಣದ ಬಿಲ್ಲೆಯ ತುಕ್ಕು ಕೆಂಪು ನೀರಾಗಿ ಗಳಗಳ ಸುರಿಯಿತು. ಜೊತೆಗೆ ಬಾಲವೂ ಕಳಚಿ ಬಿತ್ತು. ಆದರೂ ಅವನು ಧೈರ್ಯಗೆಡಲಿಲ್ಲ. ಒಣಗಲಿ, ಆಮೇಲೆ ತಲೆ ಒತ್ತಿ ಕೂರಿಸಿದರಾಯಿತು. ಮುಂಡವನ್ನು ಒಂದು ಕಾಲಿಗೆ ಚಿಮಟ ಹಾಕಿ ಬಟ್ಟೆ ಹಗ್ಗಕ್ಕೆ ನೇತುಹಾಕಿದ. ತಲೆಯನ್ನು ಹೊರಗಿನ ಕಟ್ಟೆಯ ಮೇಲೆ ಟವೆಲ್ ಹಾಸಿ, ಗುಲಾಬಿ ಕೂದಲು ಹರವಿ, ಬಿಸಿಲಿಗಿಟ್ಟ. ಬಿಸಿಲೇನೋ ಚೆನ್ನಾಗಿತ್ತು. ಎದುರು ಮನೆಯ ಭಾಗಮ್ಮನ ಆಡೂ ಚೆನ್ನಾಗಿತ್ತು.

ಆ ಆಡಿಗೆ ಓಣಿಯಲ್ಲಿ ದೊಡ್ಡ ಹೆಸರು. ಗೋಡೆಗೆ ಅಂಟಿಸಿದ ಚುನಾವಣೆ ಪೋಸ್ಟರನ್ನು ಪಕ್ಷಭೇದವಿಲ್ಲದೆ ತಿಂದ ಆಡು ಅದು. ದೌಲತರಾಯ ಮಗ್ಗುಲಾಗಿ ಬೀಡಿ ಹಚ್ಚುವಷ್ಟರಲ್ಲಿ ಕಟ್ಟೆ ಖಾಲಿ! ಓಣಿಯ ತಿರುವಿನಲ್ಲಿ ಆಡು ಗಂಭೀರವಾಗಿ ನಡೆದು ಹೋಗುತ್ತಿತ್ತು. ಅದರ ಬಾಯಿಂದ ಗುಲಾಬಿ ಗುಂಗುರು ಕೂದಲು, ಕೂದಲ ತುದಿಯಲ್ಲಿ ದೊಡ್ಡ ಕಣ್ಣು ಬಿಟ್ಟುಕೊಂಡು ತೂಗಾಡುವ ಕುದುರೆಯ ತಲೆ!

"ಏ! ಏ! ಬಿಡಲೇ!"

ಆಡು ಓಡಿತು. ಬನಿಯನ್ನು, ಲುಂಗಿ, ಸಾಬೂನು ಹತ್ತಿದ ಕೈ, ಚಪ್ಪಲಿಯಿಲ್ಲದ ಕಾಲು, ದೌಲತರಾಯ ಹಿಂದೆ ಓಡಿದ. ಕಾದ ನೆಲ ಅವನನ್ನು ಹೆಜ್ಜೆಹೆಜ್ಜೆಗೂ ಕುಣಿಸಿತು. ಹಿಟ್ಟಿನ ಗಿರಣಿಯ ಮುಂದೆ ಪಾಳಿ ನಿಂತವರೆಲ್ಲ ತಿರುಗಿದರು.

"ಸಾವಕಾರ್ರೆ, ಎಲ್ಲಿ ಹೊಂಟ್ರಿ?"

"ತಲಿ! ತಲಿ ಹಿಡೀರಿ!"

"ಯಾರ ತಲಿ ರೀ?"

"ಕುದರಿ ತಲಿ!"

"ಅದು ಆಡಲ್ರಿ ಸಾವಕಾರ್ರೆ! ಬಿಸಲಾಗ ನಿಂದರಬ್ಯಾಡ್ರಿ, ಜರಾ ನೆರಳಿಗಿ ಬರ್ರಿ!"

ಕೊನೆಗೆ ಗಿರಣಿಯ ಹಿಂದಿನ ಗೋಡೆಯ ಮೂಲೆಯಲ್ಲಿ ಆಡು ಸಿಕ್ಕಿತು. ಅತ್ತ ಆಡು ಎಳೆಯಿತು, ಇತ್ತ ದೌಲತರಾಯ ಎಳೆದ. ಪಟ್ ಎಂದಿತು. ತಲೆ ಇವನ ಪಾಲಿಗೆ ಬಂತು, ಒಂದು ಕಡೆಯ ಕೂದಲೂ ಅರ್ಧ ಕಿವಿಯೂ ಆಡಿನ ಪಾಲಿಗೆ ಹೋದವು. ಅಷ್ಟರಲ್ಲಿ ಭಾಗಮ್ಮ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಿದ್ದಳು. "ಮಂದಿ ಆಡಿಗಿ ರಬ್ಬರ ತಿನಸ್ತೀರೇನ್ರಿ ಸಾವಕಾರ್ರೆ? ನಾಳೆ ಹೊಟ್ಟಿ ಉಬ್ಬಿದ್ರ ನಿಮ್ಮ ಪಡಸಾಲ್ಯಾಗ ತಂದು ಕಟ್ತೇನಿ!"

ಅಂಗೈಯಲ್ಲಿ ಆ ಅರ್ಧಬೋಳು ತಲೆ ಹಿಡಿದು ಮನೆಗೆ ಬಂದ ದೌಲತರಾಯ ಮೊದಲ ಸಲ ಗೋಡೆಯ ಗಡಿಯಾರ ನೋಡಿದ. ಸಂಜೆಗೆ ಕಸ್ತೂರಿ ಬರುತ್ತಾಳೆ. ನಾಳೆಯೋ ನಾಡಿದ್ದೋ ಹಬ್ಬ. ಈಗ ತಲೆ ಉಪಯೋಗಿಸಬೇಕು. ಯಾರ ತಲೆ? ಅವನ ಕಣ್ಣು ಶೋಕೇಸಿನ ಮೇಲೆ ಬಿತ್ತು.

ಅಲ್ಲೊಂದು ಛತ್ರಿಯ ಬಿಳಿ ಕುದುರೆ ಇತ್ತು. ಅದರ ತಲೆ ತೆಗೆದು ಈ ಮೈಗಿಟ್ಟರೆ ಯಾರಿಗೆ ತಿಳಿಯುತ್ತದೆ? ಹಂಡೆಯ ನೀರು ಬೋಗುಣಿಗೆ ಬಂತು. ಈ ಸಲ ಜಾಣನಾಗಿ ತಣ್ಣೀರು ಬೆರೆಸಿದ. ಛತ್ರಿ ಕುದುರೆಯ ತಲೆ ಸಲೀಸಾಗಿ ಬಂತು. ಆದರೆ ಅದರ ಕೂದಲು ನೇರಳೆ! ಗುಲಾಬಿ ಕೂದಲು ಬೇಕೆಂದರೆ ಸೇಬು ಕುದುರೆ. ಅದರ ತಲೆಯೂ ಬಂತು. ಆದರೆ ಮುಖ ಹಳದಿ! ಬೋಳು ಕಡೆಗೆ ಕೂದಲನ್ನಾದರೂ ಅಂಟಿಸೋಣವೆಂದರೆ ಹಸಿರು ಕುದುರೆಯ ಬಾಲ ಗುಲಾಬಿಯಾಗಿ ಕಂಡಿತು. ಬಾಲ ಬಿಚ್ಚಬೇಕಾದರೆ ಮೊದಲು ತಲೆ ತೆಗೆಯಬೇಕು. ತೆಗೆದ. ಬೆಳಕಿಗೆ ಹಿಡಿದು ನೋಡಿದರೆ ಅದು ಕಿತ್ತಳೆ. ಒಂದರ ಜೊತೆ ಒಂದನ್ನು ಹೋಲಿಸಬೇಡವೇ? ಹೀಗೆ ಹೋಲಿಸಿ ಹೋಲಿಸಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಶೋಕೇಸ್ ಖಾಲಿಯಾಗಿ, ಬೋಗುಣಿಯ ತುಂಬ ತಲೆಗಳು ತೇಲುತ್ತ, ಎಲ್ಲ ಕಣ್ಣುಗಳೂ ದೌಲತರಾಯನನ್ನೇ ನೋಡತೊಡಗಿದವು. ನೆಲದ ಮೇಲೆ ಮುಂಡಗಳ ಸಾಲು. ಗಾಬರಿಯಲ್ಲಿ ಜೋಡಿಸಹೋಗಿ ಹಳದಿ ತಲೆಯನ್ನು ನೀಲಿ ಮೈಗೆ ಒತ್ತಿದ. ಕೂತೇ ಬಿಟ್ಟಿತು. ತೆಗೆದರೆ ಬರಲೊಲ್ಲದು.

"ಯವ್ವಾ, ನೀಲಿ ಮೈಗಿ ಯಾವ ತಲಿ ಇತ್ತು? ನೀ ದಿನಾ ನೋಡ್ತಿದ್ದೆಲ್ಲ?"

"ಕಣ್ಣಿಗಿ ಮೋತಿಬಿಂದು ಬಂದು ನನಗ ಎಲ್ಲಾ ಬೆಳ್ಳಗ ಕಾಣ್ತಾವಪ್ಪ" ಎಂದಳು ಗುರಮ್ಮ. "ನಿನ್ನ ತಲಿ ಸೈತ."

ಆಗ ಬಾಗಿಲಲ್ಲಿ ನೆರಳು ಬಿತ್ತು.

"ಅಕ್ಕಾ ಬಂದ್ರೇನ್ರಿ? ಹುಡುಗಿ ಕೇಳವಲ್ದು, ಒಂದ್ಸಲ ನೋಡಿ ಬರೂಣು ಅಂತ..." ಗೌಸಿಯಾಬೇಗಂಳ ಮಾತು ಅಲ್ಲೇ ನಿಂತಿತು. ಅವಳ ಕೈ ಹಿಡಿದು ಮುನ್ನಿ ನಿಂತಿದ್ದಳು.

ಗುರಮ್ಮ ಗಡಿಬಿಡಿಯಲ್ಲಿ, "ಬಾ ಯವ್ವ, ಚಹಾ ಇಡ್ಲೇನು?" ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯ, ನಿಮಗ ರೋಜಾ ಉಪಾಸ ಅದಲ್ಲ!"

"ಮಾಮೂ, ಇವು ಯಾಕ ನೀರಾಗ ಅವ?" ಮುನ್ನಿ ಬೋಗುಣಿಯ ಹತ್ತಿರ ಬಂದಳು.

"ಅದು... ಅವು ಜಳಕಾ ಮಾಡಾಕತ್ತಾವವ್ವ. ಗಾಣಗಾಪುರದ ಸಂಗಮದಾಗ ಮಂದಿ ಮುಳುಗು ಹಾಕ್ತಾರಲ್ಲ, ಹಂಗ! ನೋಡು, ತಲಿ ಅಷ್ಟೇ ಕಾಣ್ತಾವ."

"ಮೈ ಹೊರಗ ಅವಲ್ಲ?"

ದೌಲತರಾಯ ಕಾಲಿನಿಂದ ಒಂದು ಮುಂಡವನ್ನು ಮೇಜಿನ ಕೆಳಗೆ ಸರಿಸಿದ. ಮುನ್ನಿ ಒಂದೊಂದೇ ತಲೆ ಸರಿಸಿದಳು. ಮೂಲೆಯಲ್ಲಿ ಟವೆಲ್ಲಿನ ಕೆಳಗೆ ಬಚ್ಚಿಟ್ಟದ್ದು ಕಣ್ಣಿಗೆ ಬಿತ್ತು. ಎತ್ತಿಕೊಂಡಳು. ಬೋಳು ಕಡೆ ಸವರಿದಳು. ಅರ್ಧ ಕಿವಿಯ ಮೇಲೆ ಬೆರಳಿಟ್ಟಳು. ಜೋರಾಗಿ ಅಳಲಿಲ್ಲ. ಅತ್ತಿದ್ದರೆ ದೌಲತರಾಯನಿಗೆ ಎಷ್ಟೋ ಹಗುರಾಗುತ್ತಿತ್ತು. ಗಲ್ಲದ ಮೇಲೆ ನೀರಿಳಿಯುತ್ತಿರಲು ಸಣ್ಣ ದನಿಯಲ್ಲಿ ಹೇಳಿದಳು:

"ದಾರ್ಯಾಗ ಸಿಪಾಯಿ ನಮ್ಮ ಪೆಟ್ಟಿ ತಗೊಂಡ, ರೇಡಿಯೋ ತಗೊಂಡ. ಇದು ನೋಡಿ ನಕ್ಕು ಬಿಟ್ಟುಬಿಟ್ಟ."

ಬಂದೂಕು ಹಿಡಿದವನು ಬಿಟ್ಟುಕೊಟ್ಟದ್ದನ್ನು ತಾನು ಲುಂಗಿ ಉಟ್ಟುಕೊಂಡು ಕೆಡಿಸಿಬಿಟ್ಟೆನಲ್ಲ! ಪಡಸಾಲೆಯಲ್ಲಿ ಉಬ್ಬಿದ್ದ ಎದೆ ಎಲ್ಲಿ ಹೋಯಿತೋ. ದೌಲತರಾಯ ಆ ಒದ್ದೆ ನೆಲದ ಮೇಲೇ ಹುಡುಗಿಯ ಮುಂದೆ ಕೂತುಬಿಟ್ಟ.

"ತಪ್ಪಾತವ್ವ. ಕಸ್ತೂರಿ ಛಲೋ ಮಾಡಿ ಇಟ್ಟಿದ್ಳು. ಮುಟ್ಟಬ್ಯಾಡ್ರಿ ಅಂದಿದ್ಳು. ನಾನೇ ಹಾಳ ಮಾಡಿದೆ. ಸಂಗಮ ಗಿಂಗಮ ಎಲ್ಲಾ ಸುಳ್ಳು."

ಮುನ್ನಿ ಮೂಗು ಒರೆಸಿಕೊಂಡಳು. "ಕಿವಿ ಯಾರು ತಿಂದ್ರು?"

"ಭಾಗಮ್ಮನ ಆಡು."

"ನೀವೇನ್ ಮಾಡಿದ್ರಿ?"

"ಹಿಂದ ಓಡಿದೆ. ಗಿರಣಿ ತನಕ."

"ಚಪ್ಪಲ್ ಹಾಕ್ಕೊಂಡು?"

"ಇಲ್ಲವ್ವ. ಕಾಲು ಸುಡತಿತ್ತು. ಹಿಂಗ ಹಿಂಗ ಜಿಗ್ಯಾಕತ್ತಿದ್ದೆ."

ಹುಡುಗಿಯ ತುಟಿ ಒಂದು ಕಡೆ ಸ್ವಲ್ಪ ಏರಿತು. "ಹೆಂಗ? ತೋರಿಸ್ರಿ."

ದೌಲತರಾಯ ಎದ್ದು ಲುಂಗಿ ಎತ್ತಿ ಕಟ್ಟಿ ಕಾದ ನೆಲದ ಮೇಲೆ ಕುಣಿದಂತೆ ಪಡಸಾಲೆಯ ಸುತ್ತ ಒಂದು ಸುತ್ತು ಓಡಿದ. ಗೌಸಿಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

"ಆಡು ಹೆಂಗ ಓಡ್ತು?"

"ಮುಂದ ಓಡ್ತು."

"ಅದೂ ತೋರಿಸ್ರಿ. ಬಾಯಾಗ ಹಿಡಕೊಂಡು."

"ಮಾಡೋ, ಮಾಡು" ಎಂದಳು ಗುರಮ್ಮ. "ತಪ್ಪು ಮಾಡಿದಾಂವ ಮಾಡಬೇಕು."

ಊರಿನ ಅಡತಿ ವ್ಯಾಪಾರಿ, ತಕ್ಕಡಿಯ ಮುಂದೆ ಕೂತರೆ ಸರಸಂಬಾದ ರೈತರೆಲ್ಲ "ಸಾವಕಾರ್ರೆ" ಎನ್ನುವ ಮನುಷ್ಯ, ನಾಲ್ಕು ಕಾಲಿನ ಮೇಲೆ ಬಂದ. ಉಳಿದ ಗುಲಾಬಿ ಕೂದಲನ್ನು ಹಲ್ಲಲ್ಲಿ ಕಚ್ಚಿದ. ತಲೆ ತೂಗಾಡಿಸುತ್ತ, "ಮ್ಯಾ" ಎನ್ನುತ್ತ ಬೋಗುಣಿಯ ಸುತ್ತ ಹೊರಟ. ಮುನ್ನಿ ಕಿಲಕಿಲ ನಕ್ಕು ಅವನ ಹಿಂದೆ ಓಡಿದಳು. "ತಲಿ ಹಿಡೀರಿ! ತಲಿ ಹಿಡೀರಿ!" ಗೌಸಿಯಾ ಗೋಡೆ ಹಿಡಿದು ನಕ್ಕಳು. ಗುರಮ್ಮನ ಬಾಯಿಂದ ಎಲೆ ಅಡಿಕೆ ಹೊರಗೆ ಬಂತು.

ಆಡು ಬಾಗಿಲ ಕಡೆ ತಿರುಗಿ ಥಟ್ಟನೆ ನಿಂತಿತು. ಮುಂದೆ ಎರಡು ಪಾದ. ಪಾದದ ಮೇಲೆ ಇಳಕಲ್ ಸೀರೆಯ ಅಂಚು. ಮೇಲೆ ಕೈಯಲ್ಲಿ ಪ್ರಯಾಣದ ಚೀಲ.

ಕಸ್ತೂರಿಬಾಯಿ ಬೋಗುಣಿ ನೋಡಿದಳು. ಮುಂಡಗಳನ್ನು ನೋಡಿದಳು. ಖಾಲಿ ಶೋಕೇಸ್ ನೋಡಿದಳು. ಕೊನೆಗೆ ಗಂಡನ ಬಾಯಿ ನೋಡಿದಳು.

"ಮುಟ್ಟಬ್ಯಾಡ್ರಿ ಅಂದಿದ್ದೆ, ನೋಡಬ್ಯಾಡ್ರಿ ಅಂದಿದ್ದೆ" ಎಂದಳು. "ತಿನ್ನಬ್ಯಾಡ್ರಿ ಅನ್ನೂದು ಮರತಿದ್ದೆ."

ಆಮೇಲೆ ಅವಳು ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು! ಚೀಲ ಮೂಲೆಗಿಟ್ಟು, ಸೀರೆ ಸಿಕ್ಕಿಸಿ, ನೆಲದ ಮೇಲೆ ಕೂತು, ಮೊದಲು ಮುನ್ನಿಯ ಕುದುರೆ ಕೈಗೆ ತೆಗೆದುಕೊಂಡಳು. ಬೋಳಾದ ಕಡೆ ನೋಡಿದಾಗ ಅವಳ ಮುಖ ಒಂದು ಗಳಿಗೆ ಸಣ್ಣದಾಯಿತು. ಎಂಟು ದಿನದ ಕೆಲಸ ಅದು. "ಮುನ್ನಿ, ನೋಡವ್ವ. ಗುಲಾಬಿ ದಾರ ಮುಗಿದದ. ಸೋಲಾಪುರದಿಂದ ತರಿಸೋತನಕ ಹಬ್ಬ ಹೋಗ್ತದ. ಏನ್ ಮಾಡೂಣು?"

ಮುನ್ನಿ ದಾರದ ಡಬ್ಬಿಯಲ್ಲಿ ಬೆರಳಾಡಿಸಿ ಗಿಳಿಹಸಿರು ಎತ್ತಿದಳು. "ಇದು."

"ಒಂದು ಕಡಿ ಗುಲಾಬಿ, ಒಂದು ಕಡಿ ಹಸರು?"

"ಹ್ಞೂಂ. ಬಾಲಾನೂ."

ಕಸ್ತೂರಿಬಾಯಿಯ ಡಬ್ಬಣ ತಲೆಯೊಳಗಿಂದ ಹೊರಗೆ, ಹೊರಗಿಂದ ಒಳಗೆ ಓಡತೊಡಗಿತು. ದೌಲತರಾಯನಿಗೆ ದಾರದ ಎಳೆ ಬಿಡಿಸಿ ಕೊಡುವ ಕೆಲಸ ಸಿಕ್ಕಿತು. "ಬಾಯಿಲೆ ಅಲ್ಲ, ಕೈಲೆ" ಎಂಬ ಸೂಚನೆಯೂ ಸಿಕ್ಕಿತು. ಪಾತರಗಿತ್ತಿಗೆ ಉಗುರುಬಣ್ಣದಲ್ಲಿ ರೆಕ್ಕೆ ಬರೆಯಲೇ ಎಂದರೆ ಮುನ್ನಿ ಬೇಡವೆಂದಳು. ಅದು ಬಹಳ ದೂರದಿಂದ ಬಂದದ್ದಂತೆ, ಒಂದು ರೆಕ್ಕೆ ಮಡಚಿ ಕೂತಿದೆಯಂತೆ. ತಲೆಯನ್ನು ಮೈಗೆ ಕೂರಿಸಿದ ಮೇಲೆ ಮಾತ್ರ ಒಂದು ಐಬು ಉಳಿಯಿತು. ಕುದಿಯುವ ಹಂಡೆಯಲ್ಲಿ ಬೆಂದು ಕುತ್ತಿಗೆ ಸಡಿಲಾಗಿ, ಕುದುರೆ ಸ್ವಲ್ಪ ಅಲುಗಿದರೂ ತಲೆ ಗಿರ್ರನೆ ತಿರುಗಿ ಬಾಲದ ಕಡೆ ನೋಡುತ್ತಿತ್ತು. ಕಸ್ತೂರಿಬಾಯಿ ಬಟ್ಟೆ ತುರುಕಿದಳು, ಅಂಟು ಹಚ್ಚಿದಳು. ಅದು ತಿರುಗುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಹೊರಗೆ ಗದ್ದಲ. ಮಾಳಿಗೆಗಳ ಮೇಲಿಂದ ಕೂಗು. ಹಬ್ಬದ ಚಂದ್ರ ಕಂಡಿತ್ತು! ಗೌಸಿಯಾ ಗಡಬಡಿಸಿ ಎದ್ದಳು. ಮುನ್ನಿ ಕುದುರೆಯನ್ನು ಕಂಕುಳಿಗೆ ಸೇರಿಸಿ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿದಳು. ಹಿಂದೆ ಕುದುರೆಯ ತಲೆ ತಾನಾಗಿ ತಿರುಗಿ ದೌಲತರಾಯನನ್ನು ನೋಡುತ್ತ ಹೋಯಿತು.

ಮರುದಿನ ಗೌಸಿಯಾಳ ಮನೆಯಿಂದ ಹಬ್ಬದ ಶಾವಿಗೆ ಪಾಯಸ, ಶೀರಕುರ್ಮಾದ ಡಬ್ಬಿ ಬಂತು. ಜೊತೆಗೆ ಜರಿಯ ಅಂಗಿ ತೊಟ್ಟ ಮುನ್ನಿ, ಅವಳ ತೋಳಲ್ಲಿ ಎರಡು ಬಣ್ಣದ ಕೂದಲ ಕುದುರೆ. ಅಷ್ಟು ಹೊತ್ತಿಗೆ ಅವಳು ಓಣಿಯ ಮನೆಮನೆಗೂ ಅದನ್ನು ತೋರಿಸಿ ಬಂದಿದ್ದಳು. ದೌಲತರಾಯ ಧೈರ್ಯ ಮಾಡಿ ಕೇಳಿದ: "ಏನವ್ವ, ನಿನ್ನ ಘೋಡಾ ಖುಷಿ ಅದ ಏನು?"

"ಅದಕ್ಕ ಈಗ ಹೆಸರು ಇಟ್ಟೇನಿ ಮಾಮೂ."

"ಭಲೆ! ಏನು ಹೆಸರು?"

"ದೌಲತರಾಯ!"

ಗುರಮ್ಮ ಶೀರಕುರ್ಮಾ ನೆತ್ತಿಗೇರಿ ಕೆಮ್ಮಿದಳು. ದೌಲತರಾಯ ಮೀಸೆ ತಿರುವಿಕೊಂಡ. ಎಷ್ಟಾದರೂ ಗೌರವವೇ ಅಲ್ಲವೇ? ಹುಡುಗಿ ತನ್ನ ಹೆಸರೇ ಇಟ್ಟಿದ್ದಾಳೆ! ಅವನ ಆ ಸಂತೋಷ ಮುಂದಿನ ಶುಕ್ರವಾರದವರೆಗೆ ಬಾಳಿತು. ಅಂದು ಅಂಗಡಿಯ ಹಮಾಲರ ಎದುರಿಗೇ ಓಣಿಯ ಮಕ್ಕಳೆಲ್ಲ ಕೂಗುತ್ತ ಹೋದವು: "ದೌಲತರಾಯ ತಿಪ್ಪ್ಯಾಗ ಬಿದ್ದಾನ! ದೌಲತರಾಯನ ಬಾಲ ಹಿಡದು ಎತ್ರಲೇ!"

ಮನೆಗೆ ಬಂದು ಮುಖ ಊದಿಸಿಕೊಂಡು ಊಟಕ್ಕೆ ಕೂತ. ಕಸ್ತೂರಿಬಾಯಿ ಬಿಸಿರೊಟ್ಟಿ ಬಡಿಯುತ್ತಿದ್ದಳು. ಶೋಕೇಸಿನಲ್ಲಿ ಕುದುರೆಗಳೆಲ್ಲ ತಮ್ಮ ತಮ್ಮ ತಲೆ ಹೊತ್ತು ನಿಂತಿದ್ದವು. ಗಂಡ ಕೈ ಹಾಕದಂತೆ ಗಾಜಿನ ಬಾಗಿಲಿಗೆ ಹೊಸ ಕೀಲಿ ಬಿದ್ದಿತ್ತು. ಆಗ ಗೋಡೆಯಾಚೆಯಿಂದ ಗೌಸಿಯಾಬೇಗಂಳ ದನಿ ಕೇಳಿಬಂತು.

"ಅಕ್ಕಾ! ಏ ಅಕ್ಕಾ! ದೌಲತರಾಯನ ತಲಿ ಮತ್ತ ತಿರುಗೇದ ನೋಡ್ರಿ! ಸರಿ ಮಾಡಿ ಕೊಡ್ತೀರೇನು?"

ಕಸ್ತೂರಿಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಗಂಡನ ಕಡೆ ಒಮ್ಮೆ ನೋಡಿ, ಗೋಡೆಯತ್ತ ಕೂಗಿ ಹೇಳಿದಳು:

"ನಿಮ್ಮ ಮನೀದಾದ್ರ ಕಳಿಸು ಗೌಸಿಯಾ, ಈಗೇ ಕೂಡಿಸಿ ಕೊಡ್ತೇನಿ. ನಮ್ಮ ಮನೀದು ಮಾತ್ರ ನನ್ನ ಕೈಲೆ ಆಗೂದಿಲ್ಲ!"